ನಲವತ್ತೊಂದನೆಯದು

"ಸರಿ, ಸೇರಿಸೋಣ. ತೆಗೆಯೋದು ಯಾವುದನ್ನ?" ಎಂದು ಗ್ರೇಮ್ ಪೆನ್ಸಿಲ್ ಹಿಡಿದು ಕೂತ.

ಕೆನಡಾದ ಎಡ್ಮಂಟನ್ನಿನ ಆ ತೌಲನಿಕ ಸಾಹಿತ್ಯ ವಿಭಾಗದಲ್ಲಿ ಪಿಎಚ್‌.ಡಿ. ಪರೀಕ್ಷೆಗೆ ಅರವತ್ತು ಪುಸ್ತಕಗಳ ಪಟ್ಟಿ. ಅರವತ್ತೊಂದಾಗುವ ಹಾಗಿಲ್ಲ. ಹೊಸದನ್ನು ತರುವವರೇ ಹಳೆಯದೊಂದರ ಹೆಸರು ಹೇಳಿ ಹೊಡೆದುಹಾಕಿಸಬೇಕು. ಪಟ್ಟಿಯಲ್ಲಿಲ್ಲದ ಪುಸ್ತಕದ ಮೇಲೆ ಸಂಶೋಧನೆ ಮಾಡಲು ಬಿಡುವುದೂ ಇಲ್ಲ. ಮೂವತ್ತು ವರ್ಷ ಇದನ್ನೇ ನ್ಯಾಯವೆಂದುಕೊಂಡಿದ್ದ ದಾರ್ಕಾ ಮೆಲ್ನಿಚುಕ್‌ಗೆ ಇವತ್ತು ಕುರ್ಚಿ ಚುಚ್ಚುತ್ತಿತ್ತು. ಅವಳ ವಿದ್ಯಾರ್ಥಿನಿ ಡೆಲ್ಫೀನ್ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಡೆಲ್ಫೀನ್ ತಂದದ್ದು ಅವಳ ಊರಿನ ಅಜ್ಜಿಯೊಬ್ಬಳ ಪುಸ್ತಕ. ಬೇಟೆಯ ಬಿಡಾರಗಳಲ್ಲಿ ಅಡಿಗೆ ಮಾಡಿಕೊಂಡಿದ್ದ ಅಜ್ಜಿ ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ಹೇಳಿದ್ದನ್ನು ಊರಿನ ಶಾಲೆಯವರು ಪಿನ್ನು ಹೊಡೆದು ಹೊರತಂದಿದ್ದರು.

"ಇದರ ಮೇಲೆ ಯಾರಾದ್ರೂ ಲೇಖನ ಬರೆದಿದ್ದಾರಾ?" ಎಂದ ಫ್ರೆಂಚ್ ಕಲಿಸುವ ಲ್ಯೂಕ್.

"ಪಟ್ಟೀಲಿಲ್ಲ, ಅದಕ್ಕೇ ಬರೆದಿಲ್ಲ. ಬರೆದಿಲ್ಲ, ಅದಕ್ಕೇ ಪಟ್ಟೀಲಿಲ್ಲ. ಅದು ಒಳಗೆ ಬರೋದು ಎಲ್ಲಿಂದ, ನೀನೇ ಹೇಳು," ಎಂದಳು ದಾರ್ಕಾ.

"ಬರ್ಲಿ ಮಾರಾಯ್ತಿ. ನನ್ನ ಫ್ರೆಂಚರ ಜಾಗದಲ್ಲಿ ಮಾತ್ರ ಕೂರಿಸಬೇಡ."

ಗ್ರೇಮ್ ನಕ್ಕ. ಅವನು ಕಲಿಸುವ ಜರ್ಮನ್ನರ ತಂಟೆಗೂ ಯಾರೂ ಹೋಗುವ ಹಾಗಿರಲಿಲ್ಲ. ದಾರ್ಕಾ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದಳು. ಒಂದೊಂದು ಹೆಸರಿಗೂ ಒಬ್ಬೊಬ್ಬರ ಕಾವಲು. ನಲವತ್ತೊಂದರ ಬಳಿ ಬೆರಳು ನಿಂತಿತು. ಅದೊಂದು ಉಕ್ರೇನಿನ ಕಾದಂಬರಿ. ಎಡಗೈಯಲ್ಲಿ ಮಗಳನ್ನು ಎತ್ತಿಕೊಂಡು, ಬಲಗೈಯಲ್ಲಿ ದಾರ್ಕಾಳೇ ಅದನ್ನು ಇಂಗ್ಲಿಷಿಗೆ ತಂದಿದ್ದಳು. ಕಿತ್ತಾಡಿ ಪಟ್ಟಿಗೂ ಸೇರಿಸಿದ್ದಳು. ಇದನ್ನು ಹೊಡೆದರೆ ಇನ್ನು ಇಲ್ಲಿ ಯಾರೂ ಓದುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಲವತ್ತೊಂದು," ಎಂದಳು.

ಗ್ರೇಮ್ ತಲೆಯೆತ್ತಿದ. "ದಾರ್ಕಾ, ಅದು ನಿಂದು ಕಣೇ."

"ಗೊತ್ತು. ಬೇಗ ಹೊಡಿ, ಆಮೇಲೆ ಮನಸ್ಸು ಬದಲಾದೀತು."

ಲ್ಯೂಕ್ ತನ್ನ ಡೋನಟ್ಟನ್ನು ಮೆಲ್ಲಗೆ ಅವಳತ್ತ ಸರಿಸಿದ.

ಹೊರಗೆ ಸುದ್ದಿ ಕೇಳಿದ್ದೇ ಡೆಲ್ಫೀನ್ ಅವಳನ್ನು ತಬ್ಬಿಕೊಂಡುಬಿಟ್ಟಳು. ಆಮೇಲೆ ನೆನಪಾಗಿ, "ಹೋಗಿದ್ದು ಯಾವುದು ಮೇಡಂ?" ಎಂದಳು.

"ನಲವತ್ತೊಂದು."

ಹುಡುಗಿಯ ಮುಖ ಇಳಿದುಹೋಯಿತು. ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು. "ನಾನು... ಅದನ್ನಿನ್ನೂ ಓದೇ ಇಲ್ಲ ಮೇಡಂ. ಪರೀಕ್ಷೆ ಹತ್ರ ಬಂದಾಗ ಓದೋಣ ಅಂತಿದ್ದೆ."

"ಇನ್ನು ಬೇಡ ಬಿಡು. ಪರೀಕ್ಷೆಗೆ ಬರಲ್ಲ."

"ಬರದಿದ್ರೆ ಏನಂತೆ? ಕೊಡಿ."

ಮೂವತ್ತು ವರ್ಷದಲ್ಲಿ ಪರೀಕ್ಷೆಗಲ್ಲದೆ ಆ ಪುಸ್ತಕ ಕೇಳಿದ ವಿದ್ಯಾರ್ಥಿ ಇವಳೊಬ್ಬಳೇ. ದಾರ್ಕಾ ಕೋಣೆಗೆ ಹೋಗಿ ತನ್ನ ಪ್ರತಿಯನ್ನೇ ತಂದುಕೊಟ್ಟಳು. ಡೆಲ್ಫೀನ್ ಅದೇ ಬೆಂಚಿನ ಮೇಲೆ ಕಾಲು ಮಡಿಚಿ ಕೂತು ಓದತೊಡಗಿದಳು. ದಾರ್ಕಾ ಬಾಗಿಲಿಗೊರಗಿ ನೋಡುತ್ತ ನಿಂತಳು.

ಎರಡನೆಯ ಪುಟದ ಕೊನೆಯಲ್ಲಿ ಹುಡುಗಿ ಪಕ್ಕನೆ ನಕ್ಕಳು. ನಗು ಬರಬೇಕಾದ್ದು ಅಲ್ಲೇ.