ಇನ್ನೂರು ಗ್ರಾಂ

ಲಿಫ್ಟಿನ ಬಟನ್ ಯಾರು ಒತ್ತಬೇಕು ಎಂಬುದು ಆ ಬೆಳಿಗ್ಗೆ ನಾಲ್ಕನೇ ಮಹಡಿಯವರ ಎದುರು ಬಂದು ನಿಂತ ಅತ್ಯಂತ ಗಹನವಾದ ಪ್ರಶ್ನೆಯಾಗಿತ್ತು. ಶವದ ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಯುವುದಿಲ್ಲವೆಂದು ಅಳೆದು ನೋಡಿ ಆಗಿತ್ತು. ನಾಲ್ವರು ಅದನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದರು; ಪ್ರತಿ ತಿರುವಿನಲ್ಲೂ “ಸ್ವಲ್ಪ ಎತ್ತಿ, ಗೋಡೆ, ಗೋಡೆ” ಎಂಬ ದನಿ ಮೇಲಕ್ಕೆ ಬರುತ್ತಿತ್ತು. ಮೇಲೆ ಉಳಿದವರು ಮಂಡಿನೋವಿನವರು, ಉಬ್ಬಸದವರು ಮತ್ತು ಹೆಗಲು ಕೊಡಿ ಎಂದು ಯಾರೂ ಕರೆಯದವರು. ಎಲ್ಲರೂ ಬಟನ್ ನೋಡುತ್ತ ನಿಂತಿದ್ದರು. ಒಬ್ಬರ ಕೈಯೂ ಮೇಲೇಳಲಿಲ್ಲ.

ಕಾರಣವಿತ್ತು. ಹತ್ತೊಂಬತ್ತು ವರ್ಷಗಳಿಂದ, ಆ ಬಟನ್ ಮೇಲೆ ಯಾರದಾದರೂ ಹೆಬ್ಬೆರಳು ಬಿದ್ದ ಸದ್ದಾದರೆ ಪಕ್ಕದ ಬಾಗಿಲು ತೆರೆಯುತ್ತಿತ್ತು. ಬನಿಯನ್ನಿನಲ್ಲಿದ್ದ ಒಬ್ಬರು ಹೊರಗೆ ಬಂದು, “ಮೆಲ್ಲಗೆ. ಇನ್ನೂರು ಗ್ರಾಂ ಸಾಕು” ಎನ್ನುತ್ತಿದ್ದರು. ಅವರು ಈಗ ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು.

“ಒತ್ತಿ ಮೇಷ್ಟ್ರೇ,” ಎಂದಳು ಕೊನೆಯ ಮನೆಯ ಹೊಲಿಗೆಯಾಕೆ.

“ನೀವೇ ಒತ್ತೀಮ್ಮ. ನಂದು ಒಂದು ಕಿಲೋ ಎಂಟುನೂರು. ಅವರ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ,” ಎಂದರು ಎದುರು ಮನೆಯ ನಿವೃತ್ತ ಮೇಷ್ಟರು.

“ಜೀವಮಾನ ಪೂರ್ತಿ ಬೇರೆಯವರಿಗೆ ಕಮ್ಮಿ ಮಾರ್ಕು ಕೊಟ್ರಲ್ಲ. ನಿಮಗೆ ಮಾತ್ರ ಜಾಸ್ತಿ ಬಿತ್ತು ನೋಡಿ.”

ಎಲ್ಲರೂ ಮಗನ ಕಡೆ ತಿರುಗಿದರು. ಬಸ್ ಡಿಪೋದ ಮೇಲ್ವಿಚಾರಕ, ನಲವತ್ತಾರರ ಆಳು. ಲಿಫ್ಟು ಬರುವವರೆಗೆ ಬಟನ್ನಿಗೆ ಬಿಡುವು ಕೊಟ್ಟವನೇ ಅಲ್ಲ. ಇವತ್ತು ಮನೆಗೆ ಬೀಗ ಹಾಕಿ ಬಂದವನು ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ನೆಲ ನೋಡುತ್ತಿದ್ದ. ಅವನ ತಾಯಿ ಅವನ ತೋಳು ಹಿಡಿದಿರಲಿಲ್ಲ, ಗಂಡನ ಹಳೆಯ ಸಹೋದ್ಯೋಗಿಯ ತೋಳು ಹಿಡಿದಿದ್ದರು. ಆ ಸಹೋದ್ಯೋಗಿಯ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು. ಹಾಗಾಗಿ ಮಗನಿಗೆ ಚಿಕ್ಕಂದಿನಿಂದಲೂ ಅವರು ಸ್ಕ್ರೂ ಮಾಮ.

ಕೊನೆಗೆ ತಾಯಿಯೇ ಮುಂದೆ ಬಂದು ತೋರುಬೆರಳ ತುದಿಯಿಂದ ಒತ್ತಿದರು. ಟಿಕ್ ಎಂದಿತು. ಲಿಫ್ಟು ಬಂತು.

“ಅಲ್ಲಿ ಹೋದ ಮೇಲೆ ಒಂದು ಬಿಚ್ಚಿ ನೋಡೋದಿದೆ,” ಎಂದರು ತಾಯಿ, ಒಳಗೆ ಬಾಗಿಲು ಮುಚ್ಚಿದ ಮೇಲೆ. “ಸ್ಕ್ರೂಡ್ರೈವರ್ ತಂದಿದ್ದೀರಿ ತಾನೇ?”

“ಅತ್ತಿಗೆ, ನನ್ನ ಮದುವೆಗೂ ಅದನ್ನ ಬಿಟ್ಟು ಹೋಗಿರಲಿಲ್ಲ.”

ಮಗನ ಜೇಬಿನೊಳಗೆ ಕೈ ಮುಷ್ಟಿಯಾಯಿತು. ತಾಯಿಯ ಕೈಚೀಲದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ನಿನ್ನೆ ಸಂಜೆಯಿಂದ ಅವರು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅದು ದುಃಖದಿಂದಲೋ, ಅವರಿಗೂ ಗೊತ್ತಾಗಿರುವುದರಿಂದಲೋ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

*

ತೀರಿಕೊಂಡವರೂ ಸ್ಕ್ರೂ ಅವರೂ ಜೊತೆಗೆ ದುಡಿದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಸಣ್ಣ ಸ್ವಿಚ್ಚುಗಳು. ಟೆಲಿಫೋನಿನವು, ಲಿಫ್ಟಿನವು, ತಕ್ಕಡಿಯವು, ರೋಗಿಯ ಮಂಚದ ಪಕ್ಕ ನೇತುಬಿದ್ದಿರುವವು. ಹಿಂಭಾಗದ ಪರೀಕ್ಷಾ ಕೋಣೆಯಲ್ಲಿ ಒಂದು ಉಕ್ಕಿನ ಬೆರಳಿತ್ತು. ಅದು ಒಂದೇ ಸಮನೆ, ಸೆಕೆಂಡಿಗೆ ಎರಡು ಸಲ, ಬಟನ್ ಒತ್ತುತ್ತಿತ್ತು. ಲಕ್ಷ ಸಲ ಒತ್ತಿಸಿಕೊಂಡೂ ಟಿಕ್ ಎಂದರೆ ಸ್ವಿಚ್ಚು ಪಾಸು. ಆ ಬೆರಳನ್ನು ನೋಡಿಕೊಳ್ಳುತ್ತಿದ್ದವರು ಸ್ಕ್ರೂ.

“ನಿನ್ನ ಬೆರಳಿಗೆ ಸಿಟ್ಟು ಬರಲ್ಲ ಮಾರಾಯ. ಅದೇ ಅದರ ತೊಂದರೆ,” ಎಂದಿದ್ದರು ಈಗ ತೀರಿಕೊಂಡವರು, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ.

ಬಟನ್ನಿನ ಟೋಪಿಯ ಅಡಿಯಲ್ಲಿ ಲೋಹದ ಒಂದು ತೆಳು ಗುಮ್ಮಟ ಇರುತ್ತದೆ, ಬೇಳೆಕಾಳಿನಷ್ಟು. ಇನ್ನೂರು ಗ್ರಾಂ ಭಾರ ಬಿದ್ದರೆ ಅದು ಬಾಗಿ ಟಿಕ್ ಎನ್ನುತ್ತದೆ, ಬಿಟ್ಟರೆ ಏಳುತ್ತದೆ. ಮೂರು ಕಿಲೋವರೆಗೆ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಸೀಳಿ ಮಲಗುತ್ತದೆ, ಮತ್ತೆ ಏಳುವುದಿಲ್ಲ. ಲಿಫ್ಟು ತಡವಾದರೆ ಜನ ಬಟನ್ನಿಗೆ ಏಟು ಕೊಡುತ್ತಾರೆ, ಕಿವಿ ಮಂದವಾದವರ ಹತ್ತಿರ ಕೂಗಿ ಮಾತಾಡಿದ ಹಾಗೆ. ಇದನ್ನು ಅವರು ಬಲ್ಲವರಾಗಿದ್ದರು. ಆದ್ದರಿಂದ ಅಡುಗೆಮನೆಯ ಸ್ಪ್ರಿಂಗ್ ತಕ್ಕಡಿಯ ಮೇಲೆ ಒಂದು ಬಟನ್ ಕೂರಿಸಿ, ಮನೆಗೆ ಬಂದವರಿಗೆಲ್ಲ, “ಲಿಫ್ಟು ಬರ್ತಾ ಇಲ್ಲ ಅಂದ್ಕೊಂಡು ಒಂದ್ಸಲ ಒತ್ತಿ” ಎನ್ನುತ್ತಿದ್ದರು. ಬಂದ ಅಂಕಿಯನ್ನು ಗೀಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಂಚೆಯವರು, ಒಂದು ಕಿಲೋ. ಹೆಂಡತಿ, ನೂರ ತೊಂಬತ್ತು ಗ್ರಾಂ, ಸಾಲಲಿಲ್ಲ. ಮಗ, ಹನ್ನೊಂದು ವರ್ಷ, ಆರು ಕಿಲೋ, ಸ್ವಿಚ್ಚು ಹೋಯಿತು.

ಮೂರು ವರ್ಷ ಕೂತು ಅವರು ಒಂದು ಉಪಾಯ ಮಾಡಿದರು. ಗುಮ್ಮಟದ ಸುತ್ತ ಪ್ಲಾಸ್ಟಿಕ್ಕಿನ ಒಂದು ಸಣ್ಣ ಕಟ್ಟೆ. ಟಿಕ್ ಎಂದ ಮರುಕ್ಷಣ ಟೋಪಿ ಬಂದು ಕಟ್ಟೆಯ ಮೇಲೆ ಕೂರುತ್ತದೆ. ಮಿಕ್ಕ ಭಾರ ಗುಮ್ಮಟಕ್ಕೆ ತಾಗುವುದಿಲ್ಲ, ಸ್ವಿಚ್ಚಿನ ಹೊರಪೆಟ್ಟಿಗೆಗೆ ಹೋಗುತ್ತದೆ. “ಟಿಕ್ ಅನ್ನೋವರೆಗೆ ಸ್ವಿಚ್ಚಿನ ಕೆಲಸ. ಆಮೇಲಿನ ಸಿಟ್ಟನ್ನ ಗೋಡೆ ನೋಡ್ಕೊಳ್ಳಲಿ,” ಎನ್ನುತ್ತಿದ್ದರು.

ಕಟ್ಟೆ ಆರು ವರ್ಷ ಬಾಳಿತು. ವಿನ್ಯಾಸ ವಿಭಾಗಕ್ಕೆ ಬಂದ ಹೊಸ ಮುಖ್ಯಸ್ಥರು, ಅದರಿಂದ ಬಟನ್ ಒಂದೂವರೆ ಮಿಲಿಮೀಟರ್ ದಪ್ಪ ಕಾಣುತ್ತದೆಂದು ತೆಗೆಸಿದರು. ಕಟ್ಟೆ ಮಾಡಿದವರು ಆಕ್ಷೇಪಿಸಿ ಒಂದು ಪತ್ರ ಬರೆದರು. ಆ ಪತ್ರ ಎಷ್ಟು ಮೆದುವಾಗಿತ್ತೆಂದರೆ, ಅದನ್ನು ಒಪ್ಪಿಗೆಯೆಂದು ತಿಳಿದು ಕಡತಕ್ಕೆ ಸೇರಿಸಿದರು.

*

ವಿದ್ಯುತ್ ಚಿತಾಗಾರದಲ್ಲಿ ಅವರಿಗಿಂತ ಮುಂದೆ ಇನ್ನೊಂದು ಶವವಿತ್ತು. ಕಾಯುವ ಕೋಣೆಯಲ್ಲಿ ಗೋಡೆಗೆ ಬಿಗಿದ ಕುರ್ಚಿಗಳು, ಐದು ನಿಮಿಷ ಹಿಂದಿದ್ದ ಗಡಿಯಾರ. ಮೇಷ್ಟರು ಕೂತಲ್ಲೇ ತೂಕಡಿಸುತ್ತಿದ್ದರು. ತಾಯಿ ಕೈಚೀಲದಿಂದ ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕ. ಕೈಗಡಿಯಾರ. ಹಲ್ಲುಸೆಟ್ಟಿನ ಡಬ್ಬಿ. ಕೊನೆಗೆ, ಗೋಡೆಯಿಂದ ಕಳಚಿದ ಗಿಡ್ಡ ವೈರಿನ ತುದಿಯಲ್ಲಿ ಬೂದುಬಣ್ಣದ ಒಂದು ಬಟನ್.

“ನರ್ಸು ಇದನ್ನೂ ತೋರಿಸಿ, ವಾರ್ಡಿನದ್ದಾ ನಿಮ್ಮದಾ ಅಂದಳು. ಅವರ ಕೈಯಲ್ಲೇ ಇತ್ತಂತೆ. ಬಟನ್ ಇರೋದೆಲ್ಲ ಅವರದೇ ಅಂದೆ ನಾನು. ಮನೆಗೆ ಬಂದು ನೋಡಿದ್ರೆ ಮಂಚದ ಪಕ್ಕ ಇತ್ತಲ್ಲ, ನರ್ಸನ್ನ ಕರೆಯೋದು, ಅದು.”

“ತಪ್ಪೇನಿಲ್ಲ ಬಿಡಿ ಅತ್ತಿಗೆ. ಇದೂ ನಮ್ಮ ಕಾರ್ಖಾನೆ ಮಾಲೇ,” ಎಂದರು ಸ್ಕ್ರೂ.

“ನಾನು ಕೆಳಗೆ ಊಟಕ್ಕೆ ಹೋಗಿದ್ದೆ. ಹೋಗು ಅಂತ ಅವರೇ ಕೈ ಮಾಡಿದ್ರು. ನಲವತ್ತು ನಿಮಿಷ. ಬೆಲ್ಲೇ ಆಗಲಿಲ್ಲ ಅಂತಾಳೆ ನರ್ಸು. ಇವರು ಒತ್ತಲೇ ಇಲ್ವೋ, ಒತ್ತಿದ್ದು ಸಾಲಲಿಲ್ವೋ. ಅದೊಂದು ಹೇಳಿ ನನಗೆ.”

ಸ್ಕ್ರೂ ಕನ್ನಡಕ ಏರಿಸಿ, ಬಟನ್ನನ್ನು ಮಂಡಿಯ ಮೇಲಿಟ್ಟುಕೊಂಡು ಮೊದಲ ತಿರುಪು ಬಿಚ್ಚಿದರು. ಮಗ ಕಿಟಕಿಯ ಹತ್ತಿರ, ಬೆನ್ನು ತಿರುಗಿಸಿ ನಿಂತಿದ್ದ.

*

ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ, ಗಂಟಲಲ್ಲಿ ಕೊಳವೆಯಿದ್ದ ಅಪ್ಪನ ಉಸಿರು ಗೊರಗೊರ ಎನ್ನತೊಡಗಿತ್ತು. ಮಗ ಬಟನ್ ಒತ್ತಿದ. ನರ್ಸು ಬರಲಿಲ್ಲ. ಮತ್ತೆ ಒತ್ತಿದ. ಆಮೇಲೆ ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ಒಳಗೆ ಏನೋ ಒಣಗಿದ ಎಲೆ ತುಳಿದಂತೆ ಸದ್ದು ಮಾಡಿತು. ಟಿಕ್ ಎನ್ನಲಿಲ್ಲ.

ಅಪ್ಪ ಕೈ ಚಾಚಿ ಅದನ್ನು ಅವನಿಂದ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಾತು ಬರುತ್ತಿರಲಿಲ್ಲವಾದ್ದರಿಂದ ಎರಡು ಬೆರಳು ಎತ್ತಿ ತೋರಿಸಿದರು. ಇನ್ನೂರು.

“ಆಯ್ತಪ್ಪ, ಈಗಲೂ ಪಾಠ ಮಾಡ್ಬೇಡ,” ಎಂದ ಮಗ.

ಅಷ್ಟರಲ್ಲಿ ನರ್ಸು ಬಂದು ಕೊಳವೆ ಸರಿಮಾಡಿದಳು. ಅದು ಅವಳ ದಿನದ ಸುತ್ತಿನ ಹೊತ್ತು, ಬೆಲ್ ಕೇಳಿ ಬಂದದ್ದಲ್ಲ ಎಂದು ಅವನಿಗೆ ಸಂಜೆಯವರೆಗೆ ತಿಳಿಯಲಿಲ್ಲ. ಒಂದು ಗಂಟೆಗೆ ತಾಯಿ ಬಂದರು, ಅವನು ಡಿಪೋಗೆ ಹೋದ. ಅಪ್ಪ ಆ ಬಟನ್ನನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದರು.

*

ಸ್ಕ್ರೂ ಟೋಪಿಯನ್ನು ಎತ್ತಿದರು. ಕಟ್ಟೆ ಇರಲಿಲ್ಲ, ಕಟ್ಟೆ ತೆಗೆಸಿದ ಮೇಲಿನ ಮಾಲು. ಗುಮ್ಮಟ ನಡುವೆ ಸೀಳಿ, ಚಪ್ಪಟೆಯಾಗಿ ಮಲಗಿತ್ತು. ಮೂವತ್ತು ವರ್ಷ ಅದನ್ನೇ ನೋಡಿದವರು ಅದನ್ನು ಮತ್ತೆ ಸ್ವಲ್ಪ ಹೊತ್ತು ನೋಡಿದರು.

“ಸ್ವಿಚ್ಚು ಮೊದಲೇ ಹೋಗಿತ್ತು ಅತ್ತಿಗೆ. ಅವರು ಎಷ್ಟು ಒತ್ತಿದ್ರೂ ಬೆಲ್ ಆಗ್ತಿರಲಿಲ್ಲ.”

“ಹಾಗಾದ್ರೆ ಒತ್ತಿದ್ರಾ?”

“ಅದು ಗೊತ್ತಾಗಲ್ಲ. ಗುದ್ದಿದ್ರೆ ಗುರುತು ಉಳಿಯುತ್ತೆ. ಮೆಲ್ಲಗೆ ಒತ್ತಿದ್ದಕ್ಕೆ ಏನೂ ಉಳಿಯಲ್ಲ.”

“ಗುದ್ದಿದ್ದು ಯಾರು?”

“ಆಸ್ಪತ್ರೆ ಅಂದ್ಮೇಲೆ ನೂರು ಜನ ಬರ್ತಾರೆ, ಹೋಗ್ತಾರೆ. ಹೆಬ್ಬೆರಳು ಹೆಸರು ಬರೆದು ಹೋಗುತ್ತಾ?” ಸ್ಕ್ರೂ ಟೋಪಿಯನ್ನು ಮತ್ತೆ ಮುಚ್ಚತೊಡಗಿದರು. “ಕಟ್ಟೆ ಇದ್ದಿದ್ರೆ ಆನೆ ಒತ್ತಿದ್ರೂ ಏನೂ ಆಗ್ತಿರಲಿಲ್ಲ. ತಪ್ಪು ಕಟ್ಟೆ ತೆಗೆದವರದು.”

“ನಾನಮ್ಮ,” ಎಂದ ಮಗ, ಕಿಟಕಿಯ ಕಡೆಯಿಂದ ತಿರುಗದೆ. “ಮಧ್ಯಾಹ್ನ. ನರ್ಸು ಬರಲಿಲ್ಲ ಅಂತ ಸಿಟ್ಟಲ್ಲಿ.”

ಮೇಷ್ಟರು ಎಚ್ಚರವಾಗಿ, ಮತ್ತೆ ಕಣ್ಣು ಮುಚ್ಚಿಕೊಂಡರು. ತಾಯಿ ಕನ್ನಡಕ, ಗಡಿಯಾರ, ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಬಟನ್ನನ್ನು ಹಾಕಲಿಲ್ಲ.

“ಎಷ್ಟು?” ಎಂದು ಸ್ಕ್ರೂವನ್ನು ಕೇಳಿದರು.

“ಆರು ಕಿಲೋ ಇರಬೇಕು.”

“ಹನ್ನೊಂದನೇ ವಯಸ್ಸಿಗೇ ಆರಿತ್ತು,” ಎಂದರು ತಾಯಿ.

*

ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ಹಳಿಗಳ ಮೇಲೆ ಕುಲುಮೆಯ ಬಾಗಿಲಿನ ಮುಂದಿತ್ತು. ಪಕ್ಕದ ಗೋಡೆಯಲ್ಲಿ ಒಂದು ಹಸಿರು ಬಟನ್. ಅದರ ಸುತ್ತಲಿನ ತಗಡು ಪಾತ್ರೆಯ ತಳದಂತೆ ತಗ್ಗಿತ್ತು.

“ಎಲ್ಲರೂ ಗುದ್ದುತ್ತಾರೆ,” ಎಂದ ಅಲ್ಲಿನ ನೌಕರ, ಕ್ಷಮೆ ಕೇಳುವ ದನಿಯಲ್ಲಿ. “ಅವರನ್ನಾದ್ರೂ ಏನನ್ನೋದು. ವರ್ಷಕ್ಕೆ ಮೂರು ಬಟನ್ ಬದಲಾಯಿಸ್ತೀವಿ. ಮನೆಯವರು ಯಾರು ಒತ್ತೋದು?”

ಎಲ್ಲರೂ ತಾಯಿಯನ್ನು ನೋಡಿದರು. ತಾಯಿ ಪೆಟ್ಟಿಗೆಯನ್ನು ನೋಡುತ್ತಿದ್ದರು.

ಮಗ ಜೇಬಿನಿಂದ ಬಲಗೈ ತೆಗೆದ. ಬೆಳಿಗ್ಗೆಯಿಂದ ಅದು ಹೊರಗೆ ಬಂದದ್ದು ಆಗಲೇ. ಹೆಬ್ಬೆರಳನ್ನು ಮಡಿಚಿಕೊಂಡು ತೋರುಬೆರಳ ತುದಿಯನ್ನು ಬಟನ್ ಮೇಲಿಟ್ಟು ಒತ್ತಿದ. ಏನೂ ಆಗಲಿಲ್ಲ.

“ಸ್ವಲ್ಪ ಜೋರಾಗಿ ಸರ್. ಹಳೇದು ಅದು.”

ಮತ್ತೆ ಒತ್ತಿದ, ಅಷ್ಟೇ ಮೆಲ್ಲಗೆ. ಸ್ಕ್ರೂ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಮಗ ಕೈ ತೆಗೆಯಲೂ ಇಲ್ಲ, ಒತ್ತಲೂ ಇಲ್ಲ. ಹೊರಗೆ ಮುಂದಿನ ಶವದ ವ್ಯಾನು ಬಂದು ನಿಂತ ಸದ್ದಾಯಿತು.

“ಅದು ನಿಮ್ಮಪ್ಪ ಮಾಡಿದ್ದಲ್ಲ ಕಣೋ,” ಎಂದರು ತಾಯಿ. ನಿನ್ನೆ ಸಂಜೆಯಿಂದ ಅವನಿಗೆಂದು ಆಡಿದ ಮೊದಲ ಮಾತು. “ಒತ್ತು.”

ಮಗ ಹೆಬ್ಬೆರಳು ಬಿಚ್ಚಿ ಬಟನ್ ಮೇಲಿಟ್ಟು ಒತ್ತಿದ. ಹಳಿ ಚಲಿಸಿತು, ಪೆಟ್ಟಿಗೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಬಟನ್ ಹೊರಗೆ ಬರಲಿಲ್ಲ. ನೌಕರ ಉಗುರಿನಿಂದ ಎಬ್ಬಿಸಿ ನೋಡಿದ, ಆಗಲಿಲ್ಲ. ಸ್ಕ್ರೂ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಮುಂದಿನ ಶವದ ಕಡೆಯವರು ನಲವತ್ತು ನಿಮಿಷ ಕಾಯಬೇಕಾಯಿತು.