ಮೊದಲು ಮಾತಾಡುವ ತಂದೆ

ಜಗನ್ನಾಥ ಅಂಕಲ್ ದೇವಪುತ್ರರ ವಿಷಯ ಎತ್ತಿದರೆಂದರೆ ಅವರ ಬಲಗೈ ಸ್ಟೀರಿಂಗ್ ಬಿಟ್ಟು ಆಕಾಶಕ್ಕೇರುತ್ತದೆ. ಹಾಗೆ ಏರಿದ ಕೈ ಕ್ರಿಸ್ತಶಕ ನಾಲ್ಕನೆಯ ಶತಮಾನವನ್ನು ಮುಟ್ಟುವ ಹೊತ್ತಿಗೆ ನಾವು ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ಹಿಂದೆ ಬಿದ್ದಿರುತ್ತದೆ. ಈ ಪರದೇಶದ ಡಿಯರ್‌ಬಾರ್ನ್ ಊರಿನ ಕಾರು ಕಂಪನಿಯೊಂದರಲ್ಲಿ ಅವರು ಸೀಟ್ ಬೆಲ್ಟುಗಳ ಬಲ ಪರೀಕ್ಷಿಸುವ ಹಿರಿಯ ಎಂಜಿನಿಯರ್. ನಾನು ಅದೇ ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವ, ಸ್ವಂತ ಕಾರಿಲ್ಲದ ಏಕೈಕ ಕಾರು ತಯಾರಕ. ನಾವಿಬ್ಬರೂ ಇರುವ ನೋವೈ ಊರಿನಿಂದ ದಿನವೂ ಅವರೊಡನೆಯೇ ನನ್ನ ಪಯಣ, ಹೂಂಗುಟ್ಟುವುದೇ ಅದಕ್ಕೆ ನಾನು ಕೊಡುವ ಪೆಟ್ರೋಲು.

ಮೈಸೂರಿನ ವೈದಿಕ ಮನೆತನದ ಈ ಮನುಷ್ಯನಿಗೆ ಪ್ರಾಚೀನ ಯೆಹೂದ್ಯರ ಹುಚ್ಚು ಏಕೆ ಹತ್ತಿತೋ ತಿಳಿಯದು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲೂ ಬಿಚ್ಚದ ಕಂದು ಕೋಟು. ಮುಂದಿನ ವಾಕ್ಯವನ್ನು ಬೆನ್ನಟ್ಟಿ ಹೊರಟಂತೆ ಮುಂಬಾಗಿದ ನಡಿಗೆ. ಯಾವ ಮಾತಿಗೂ "ಕೇಳಯ್ಯ" ಎಂಬ ಮಂಗಳಾಚರಣೆ.

"ಕೇಳಯ್ಯ, ಜೆರುಸಲೇಮಿನ ರಾಜ ಹುಟ್ತಾನೇ ದೇವರ ಮಗ ಅಲ್ಲ! ಪಟ್ಟಕ್ಕೆ ಕೂತ ದಿನ ದೇವರು 'ಮಗ' ಅಂತಾನೆ, ಅವತ್ತಿಂದ ಮಗ. ಇಡೀ ಯೆಹೂದ್ಯ ಜನಾಂಗಕ್ಕೇ 'ಚೊಚ್ಚಲ ಮಗ' ಅಂದವನಯ್ಯ ಆ ದೇವರು! ಆಮೇಲೆ ಕ್ರೈಸ್ತರಲ್ಲಿ ಜಗಳ, ಯೇಸು ಮಗನಾಗಿದ್ದು ಯಾವಾಗ? ಸತ್ತು ಎದ್ದಾಗ? ದೀಕ್ಷಾಸ್ನಾನಕ್ಕೆ ನದೀಲಿ ಮುಳುಗಿ ಎದ್ದಾಗ? ಹುಟ್ಟಿನಿಂದ್ಲೇ? ಸೃಷ್ಟಿಗೂ ಮುಂಚೆ? ಹಿಂದಕ್ಕೆ ಹೋಗ್ತಾನೇ ಇದೆ ನೋಡು!"

"ಎಕ್ಸಿಟ್ಟೂ ಹಿಂದಕ್ಕೆ ಹೋಯ್ತು ಅಂಕಲ್," ಎಂದೆ.

ಕಳೆದ ಶುಕ್ರವಾರ ಈ ಉಪನ್ಯಾಸ ನಡೆದಾಗ ಹಿಂದಿನ ಸೀಟಿನಲ್ಲಿ ನೀಲ್ ಇದ್ದ. ಅವರ ಹೆಂಡತಿ ನಿರುಪಮಾ ಆಂಟಿಯ ಮೊದಲ ಮದುವೆಯ ಮಗ. ಹೆತ್ತ ತಂದೆ ತೀರಿಕೊಂಡು ಎಷ್ಟೋ ಕಾಲವಾಗಿದೆ. ಜಗನ್ನಾಥರು ಸೈಕಲ್ ಕಲಿಸಿದ, ಕಾಲೇಜಿಗೆ ಬಿಟ್ಟುಬಂದ ಹುಡುಗ, ಮೀಸೆ ಬಂದ ಮೇಲೂ ಅವರಿಗೆ 'ಅಂಕಲ್' ಎಂದೇ ಅನ್ನುತ್ತಾನೆ. ಬರುವ ತಿಂಗಳು ಅವನ ಮದುವೆ, ಅದಕ್ಕೂ ಮೊದಲು ಉಪನಯನ. ಕಿವಿಯಲ್ಲಿ ಗಾಯತ್ರಿ ಹೇಳಲು ತಂದೆಯ ಜಾಗದಲ್ಲಿ ಕೂರುವವರು ಯಾರು? ದೂರದ ಸ್ಕೋಕಿ ಊರಿನಿಂದ ಅವನ ಸೋದರಮಾವ ಬಾಲು ಕಾರಿನ ಸ್ಪೀಕರಿನಲ್ಲಿ ಗುಡುಗಿದರು:

"ಭಾವ, ನೀವ್ಯಾಕೆ ಟೆನ್ಶನ್ ತಗೋತೀರಿ? ರಕ್ತಸಂಬಂಧ ಇರೋನು ನಾನು, ನಾನೇ ಕೂತ್ಕೋತೀನಿ. ಪುರೋಹಿತರಿಗೆ ಇವತ್ತೇ ಹೇಳ್ಬೇಕು."

"ಆಗ್ಲಿ ಬಾಲು... ನೀಲ್‌ಗೆ ಹೇಗಿಷ್ಟವೋ," ಎಂದು ಜಗನ್ನಾಥರು ಫೋನ್ ಇಟ್ಟರು. ಆಮೇಲೆ ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇದ್ದವು. ಆ ಶಿಸ್ತು ಕಂಡು ನನಗೆ ಹೆದರಿಕೆಯಾಯಿತು.

ಹಿಂದಿನಿಂದ ನೀಲ್ ಕೇಳಿದ: "ಅಂಕಲ್, ಒನ್ ಕ್ವೆಶ್ಚನ್. ಆ ಕಿಂಗ್, ಸನ್ ಆಗೋಕೆ ಅಪ್ಲೈ ಮಾಡಿದ್ನಾ?"

"ಛೆ ಛೆ, ದೇವರೇ ಕರೆಯೋದು."

"ರಿವರ್ ಸ್ಟೋರೀಲಿ?"

"ಅಲ್ಲೂ ಆಕಾಶದಿಂದ ತಂದೆಯದೇ ಧ್ವನಿ..."

"ಸೋ, ವಾಟ್ ಆರ್ ಯೂ ವೇಟಿಂಗ್ ಫಾರ್?"

ಸತ್ತವನ ಜಾಗಕ್ಕೆ ಕೈ ಚಾಚಿದಂತಾದೀತೆಂಬ ಸಂಕೋಚದಲ್ಲಿ, ಹುಡುಗನೇ ಅಪ್ಪ ಎನ್ನಲಿ ಎಂದು ಇಷ್ಟು ವರ್ಷ ಕಾದಿದ್ದ ಮನುಷ್ಯ ಸರ್ರನೆ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದರು. ಬಾಲುವಿಗೆ ಫೋನ್ ಹಚ್ಚಿದಾಗ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಪಂಪಿನ ಹೆಂಗಸು ತಿರುಗಿ ನೋಡಿದಳು: "ಕೇಳಯ್ಯ ಬಾಲು! ನೀನು ಬಾ, ಹರಸು, ಹೋಳಿಗೆ ತಿನ್ನು. ಮಂತ್ರ ನಾನು ಹೇಳ್ತೀನಿ. ನೀಲ್ ನನ್ನ ಮಗ!"

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಭಾವ?" ಬಾಲು ನಕ್ಕುಬಿಟ್ಟರು.

ನೀಲ್ ಮುಂದೆ ಬಾಗಿ ಅವರ ಹೆಗಲ ಮೇಲೆ ಕೈಯಿಟ್ಟ. ನಾನು ಆ ಹೊತ್ತಿನ ಅತ್ಯಂತ ಉಪಯುಕ್ತ ಕೆಲಸ ಮಾಡಿದೆ: ಕೆಳಗಿಳಿದು, ಸರಿಯಾಗಿಯೇ ಇದ್ದ ಟೈರುಗಳ ಗಾಳಿ ಪರೀಕ್ಷಿಸಿದೆ.

ಇಂಥ ಪಂಡಿತರನ್ನು ಕಂಡು ನಾವು ನಗುತ್ತೇವೆ, ಎಂದೋ ಮುಗಿದ ಜಗಳಗಳನ್ನು ಇಂದಿನ ರಸ್ತೆಗೆ ತರುತ್ತಾರೆಂದು. ಪಾಪ, ತಮ್ಮ ಮನೆಯಲ್ಲಿ ಆಡಲಾರದ ಒಂದೇ ಒಂದು ಮಾತನ್ನು ಲೋಕದಲ್ಲಿ ಯಾರಾದರೂ ಆಡಿದ್ದಾರೆಯೇ ಎಂದು ಅವರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗಿ ಹುಡುಕುತ್ತಿರುತ್ತಾರೆ. ಸಿಕ್ಕಿದ ಮೇಲೂ, ಅದು ತಮಗೆ ಸಲ್ಲುವ ಮಾತೆಂದು ಇನ್ನೊಬ್ಬರು ಹೇಳಬೇಕಾಗುತ್ತದೆ.