ಟೈಲರಜ್ಜನ ಮನೆಯಲ್ಲಿ ಚೆಲ್ಲಿದ ಪಾದರಸ

ಮಗುವಿಗೆ ಜ್ವರ ಬಂದರೆ ಮನೆಯವರಿಗೆ ಕೈಕಾಲೇ ಆಡುವುದಿಲ್ಲ, ಹೌದೋ ಅಲ್ಲವೋ? ನಮ್ಮ ಟೈಲರಜ್ಜನ ಮನೆಯಲ್ಲೂ ಅವತ್ತು ಹಾಗೇ ಆಯಿತು. ಎಂಟು ತಿಂಗಳ ಮೊಮ್ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಅಜ್ಜ ಹಳೆಯ ಗಾಜಿನ ಥರ್ಮಾಮೀಟರ್ ತೆಗೆದು ಜೋರಾಗಿ ಜಾಡಿಸಿದರು. ಅದು ಬಟ್ಟೆ ಕತ್ತರಿಸುವ ಮೇಜಿಗೆ ಬಡಿದು ಒಡೆಯಿತು. ಬೆಳ್ಳಿಯಂತೆ ಹೊಳೆಯುವ ಹನಿಗಳು ನೆಲದ ಮೇಲೆಲ್ಲ ಉರುಳಿದವು. ಒಂದೆರಡು ಹನಿ ಮೇಜಿನ ಮೇಲಿದ್ದ ಹೊಸ ಕೋಟಿನ ಮಡಿಕೆಗೆ ನುಸುಳಿದವು.

"ಇಷ್ಟೇ ತಾನೆ!" ಎಂದು ಅಜ್ಜ ಸೂಜಿ ಎತ್ತುವ ಅಯಸ್ಕಾಂತ ತಂದು ನೆಲದ ಮೇಲೆ ಆಡಿಸಿದರು. ನಾಲ್ಕು ಗುಂಡುಪಿನ್ನು ಅಂಟಿಕೊಂಡವು. ಹನಿಗಳು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ.

"ನಲವತ್ತು ವರ್ಷ ಸೂಜಿ ಹಿಡಿದವರ ಬುದ್ಧಿ ನೋಡು!" ಎಂದು ಅಜ್ಜಿ ನಕ್ಕು ಪೊರಕೆ ಹಿಡಿದರು. ಅಷ್ಟರಲ್ಲಿ ಮಗು ಹೊಳೆಯುವ ಹನಿಯತ್ತ ಅಂಬೆಗಾಲಿಟ್ಟಿತು.

ಪಕ್ಕದ ಮನೆಯ ನರ್ಸಮ್ಮ ಮಗುವನ್ನು ನೋಡಲು ಬಂದವರು ಬಾಗಿಲಲ್ಲೇ ಕೂಗಿದರು. "ಅಜ್ಜಿ, ಪೊರಕೆ ಬೇಡ! ಮಗೂನ ಎತ್ಕೊಂಡು ಒಳಗಿನ ರೂಮಿಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ."

"ಹುಲಿ ಬಂದಂಗೆ ಯಾಕಮ್ಮ ಕೂಗ್ತೀಯ?" ಎಂದರು ಅಜ್ಜ. "ಚಿಕ್ಕಂದಿನಲ್ಲಿ ಇದನ್ನ ಅಂಗೈಲಿಟ್ಕೊಂಡು ಆಡಿದೀವಿ. ಗುಂಡುಕಲ್ಲಿನ ಹಂಗೆ ಇಲ್ವಾ ನಾನು?"

"ನಿಮ್ಮ ಅದೃಷ್ಟ ಚೆನ್ನಾಗಿತ್ತು ಅಜ್ಜ. ಇದು ಪಾದರಸ. ಕಣ್ಣಿಗೆ ಕಾಣದ ಹಾಗೆ ಆವಿಯಾಗ್ತಾ ಇರುತ್ತೆ. ಅದನ್ನ ಉಸಿರಾಡಿದ್ರೆ ಪುಟ್ಟ ಮಕ್ಕಳ ಮಿದುಳಿಗೇ ಪೆಟ್ಟು. ಗುಡಿಸಿದ್ರೆ ಒಂದು ಹನಿ ನೂರಾಗುತ್ತೆ. ದಿನಾ ಈ ನೆಲದ ಮೇಲೆ ಆಡೋದು ನಿಮ್ಮ ಮೊಮ್ಮಗಳು ತಾನೆ?"

ಅಜ್ಜ ಅಯಸ್ಕಾಂತ ಕೆಳಗಿಟ್ಟು ಟಾರ್ಚ್ ತಂದರು.

ನರ್ಸಮ್ಮ ಫ್ಯಾನ್ ಆರಿಸಿ ಕಿಟಕಿ ತೆರೆದರು. ಪಾದರಸ ಚಿನ್ನಕ್ಕೂ ಅಂಟುತ್ತದೆಂದು ಉಂಗುರ ತೆಗೆದಿಟ್ಟು, ಗ್ಲೌಸ್ ಹಾಕಿಕೊಂಡರು. ಅಜ್ಜನ ಅಳತೆಯ ರಟ್ಟಿನಿಂದಲೇ ಹನಿಗಳನ್ನು ಮೆಲ್ಲಗೆ ಒಂದೆಡೆ ಸೇರಿಸಿದರು. ಅಜ್ಜ ಟಾರ್ಚನ್ನು ಓರೆಯಾಗಿ ಹಿಡಿದರೆ ಸಂದಿಯಲ್ಲಿದ್ದ ಚೂರುಗಳೂ ಮಿನುಗಿದವು. ನರ್ಸಮ್ಮ ಅವನ್ನು ಅಂಟುಪಟ್ಟಿಯಿಂದ ತೆಗೆದು, ಎಲ್ಲವನ್ನೂ ಒಡೆದ ಗಾಜಿನ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರು.

"ಕೋಟಿಗೆ ಒಂದ್ಸಲ ಇಸ್ತ್ರಿ ಎಳೆದುಬಿಡ್ಲಾ?" ಎಂದರು ಅಜ್ಜ.

"ಅಯ್ಯಯ್ಯೋ! ಬಿಸಿ ತಾಗಿದ್ರೆ ಆವಿ ಇನ್ನೂ ಜಾಸ್ತಿ. ಒಗೆಯೋದೂ ಬೇಡ. ಡಬ್ಬಿ ಜೊತೆ ಅದೂ ಆರೋಗ್ಯ ಕೇಂದ್ರಕ್ಕೆ ಹೋಗ್ಬೇಕು ಅಜ್ಜ."

ಹನ್ನೆರಡು ದಿನ ಕೂತು ಹೊಲಿದ ಕೋಟು. ನಾಳೆ ಗಿರಾಕಿಗೆ ಕೊಡುವ ಮಾತಾಗಿತ್ತು. ಅಜ್ಜ ಕಾಲರಿನ ಹೊಲಿಗೆಯನ್ನು ಒಂದು ಗಳಿಗೆ ನೋಡುತ್ತ ನಿಂತರು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಅಜ್ಜ ಗ್ಲೌಸ್ ಕೇಳಿ ಹಾಕಿಕೊಂಡು, ತಾವೇ ಕೋಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿದರು.

"ಕೋಟು ಹೋದ್ರೆ ಇನ್ನೊಂದು ಹೊಲೀತೀನಿ ಕಣಮ್ಮ. ಮಗೂನ ಹೊಲಿಯೋಕಾಗುತ್ತಾ?"

ನರ್ಸಮ್ಮನ ಬ್ಯಾಟರಿ ಥರ್ಮಾಮೀಟರ್ ನೂರಾ ಒಂದು ತೋರಿಸಿತು. ಔಷಧಿ ಕುಡಿದ ಮಗು ಸಂಜೆಗೆ ಅಜ್ಜನ ಮೀಸೆ ಎಳೆಯುತ್ತ ಕೇಕೆ ಹಾಕಿತು. ಡಬ್ಬಿ, ಚೀಲ ಎರಡೂ ಆರೋಗ್ಯ ಕೇಂದ್ರ ಸೇರಿದವು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯ ಥರ್ಮಾಮೀಟರ್ ಇವತ್ತೇ ತೆಗೆದು ನೋಡಿ. ಒಳಗೆ ಬೆಳ್ಳಿ ಬಣ್ಣದ ಗೆರೆ ಇದ್ದರೆ ಅದು ಪಾದರಸವೇ ಇರಬಹುದು. ಒಡೆದರೆ ಗುಡಿಸಬೇಡಿ, ಚರಂಡಿಗೆ ಸುರಿಯಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಒಡೆಯುವ ತನಕ ಯಾಕೆ ಕಾಯಬೇಕು? ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಈಗಲೇ ಕೊಟ್ಟುಬಿಡಿ.